ಸದ್ದಿಲ್ಲದ ಆಟಗಳು

ಏಪ್ರಿಲ್ 6, ಸೋಮವಾರ

ಎದ್ದದ್ದು 5:30. ಹಾಸಿಗೆ ಮಡಿಸಿದ್ದು 5:34. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಏಳೂವರೆವರೆಗೆ ಅದೇ ಮಡಿಸಿದ ಹಾಸಿಗೆಯ ಮೇಲೆ ಕೂತಿದ್ದೆ. ಮನೆಯಲ್ಲಿ ಬೆಲ್ ಹೊಡೆಯುವವರು ಯಾರೂ ಇಲ್ಲ.

ಕಾಲೇಜ್ ಹಾಸ್ಟೆಲಿನಿಂದ ಮನೆಗೆ ಬಂದು ಮೂರು ದಿನವಾಯಿತು. ಫಸ್ಟ್ ಇಯರ್ ಮುಗಿಯಿತು ಎನ್ನಬಹುದಿತ್ತು, ಆದರೆ ಮ್ಯಾಥ್ಸ್ ಉಳಿದುಕೊಂಡಿದೆ. ಜೂನ್‌ನಲ್ಲಿ ಮತ್ತೆ ಬರೆಯಬೇಕು. ಅಪ್ಪನಿಗೆ ಹೇಳಿದೆ. “ಸರಿ, ಬರಿ” ಅಂದರು. ಬೈದಿದ್ದರೆ ವಾಸಿಯಿತ್ತು, ಬೈಗುಳ ಒಂದು ಕಡೆ ಮುಗಿಯುತ್ತದೆ. ಇದು ಮುಗಿಯುವುದಿಲ್ಲ.

ಲಿಫ್ಟ್ ರಿಪೇರಿ ಕೆಲಸದ ನಡುವೆ ಮಧ್ಯಾಹ್ನ ಊಟಕ್ಕೆ ಬಂದ ಅಪ್ಪ ನನ್ನನ್ನು ಅಡುಗೆಮನೆಗೆ ಕರೆದರು. ಗುಟ್ಟಿನ ಮಾತಿಗೆ ನಮ್ಮ ಫ್ಲ್ಯಾಟಿನಲ್ಲಿ ಬೇರೆ ಜಾಗವಿಲ್ಲ. ಇರುವುದು ಎರಡು ರೂಮು. ಒಂದರಲ್ಲಿ ಅಮ್ಮ, ಇನ್ನೊಂದರಲ್ಲಿ ಅಪ್ಪ, ನಾನು, ತಂಗಿ ಗಿರಗಿಟ್ಲೆ.

“ನೋಡಮ್ಮ, ಗಿರಗಿಟ್ಲೆಗೂ ಸ್ಕೂಲ್ ರಜ. ಆರು ವಾರ. ನಾನೋ ಹೊತ್ತುಗೊತ್ತಿಲ್ದೆ ಓಡ್ತಿರ್ಬೇಕು, ಎಲ್ಲೋ ಯಾರೋ ಲಿಫ್ಟಲ್ಲಿ ಸಿಕ್ಕಾಕ್ಕೊಂಡಿರ್ತಾರೆ. ಅವಳನ್ನ ಖುಷಿಯಾಗಿಡೋ ಕೆಲಸ ನಿಂದು. ಪಾರ್ಕು, ಸಿನಿಮಾ ಅಂತ ಹೊರಗೆಲ್ಲ ಹೋಗೋ ಹಾಗಿಲ್ಲ, ಮನೇಲೇ ಏನಾದ್ರೂ ಮಾಡು. ಸದ್ದು ಮಾತ್ರ ಆಗ್ಬಾರ್ದು.”

“ಖುಷಿಯಾಗಿರ್ಬೇಕು, ಸದ್ದಾಗ್ಬಾರ್ದು?”

“ಅಮ್ಮನಿಗೆ ತಲೆ ಸಿಡಿಯತ್ತೆ ಕಣಮ್ಮ.”

ಅಮ್ಮನಿಗೆ ಜ್ವರವಿಲ್ಲ, ಗಾಯವಿಲ್ಲ. ಮೂರು ತಿಂಗಳಿಂದ ಮಲಗಿದ್ದಾಳೆ. ಡಾಕ್ಟರ್ ಅದಕ್ಕೊಂದು ದೊಡ್ಡ ಹೆಸರು ಹೇಳಿದ್ದಾರೆ, ಅಪ್ಪ ಅದನ್ನು “ಸುಸ್ತು” ಅನ್ನುತ್ತಾರೆ. ಗಿರಗಿಟ್ಲೆ ಹುಟ್ಟಿದಾಗಲೂ ಹೀಗೇ ಆಗಿತ್ತು. ಆಗ ನನಗೆ ಒಂಬತ್ತು. ಆಗಲೇ ನನ್ನನ್ನು ಹಾಸ್ಟೆಲ್ ಸ್ಕೂಲಿಗೆ ಸೇರಿಸಿದ್ದು. ಈಗ ಅವಳಿಗೆ ಒಂಬತ್ತು.

ಅಪ್ಪ ಟೂಲ್ ಬ್ಯಾಗಿನಿಂದ ಒಂದು ಫಾರ್ಮ್ ತೆಗೆದರು. ನನ್ನ ಹಳೇ ಸ್ಕೂಲಿನದೇ. ಮೂಲೆಯಲ್ಲಿ ಗ್ರೀಸ್ ಮೆತ್ತಿದ ಹೆಬ್ಬೆಟ್ಟಿನ ಗುರುತು. ಮೇ ನಾಲ್ಕಕ್ಕೆ ಇಂಟರ್‌ವ್ಯೂ.

“ನೀನು ಹೋಗಿ ಬಂದೋಳು. ನೀನೇ ಹೇಳು, ಕಳಿಸ್ಬಹುದಾ?”

“ಕಳಿಸ್ಬಹುದು” ಅಂದೆ. ಯಾಕೆ ಕಳಿಸಬಾರದು? ನಾನು ಹೋಗಿರಲಿಲ್ಲವೇ, ನನಗೇನಾಯಿತು?

ಏಪ್ರಿಲ್ 7, ಮಂಗಳವಾರ

ಎದ್ದದ್ದು 5:30.

ಮೆಟ್ಟಿಲ ಬುಡದ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ: “ಬೇಸಿಗೆ ರಜೆ: ಕುಟುಂಬಕ್ಕೆ ಮೋಜು, ಜೇಬಿಗೆ ಹಗುರ. ಹತ್ತು ಸಲಹೆಗಳು.” ಬರೆದವರು ಸೆಕ್ರೆಟರಿ ಅಂಕಲ್. ನಮ್ಮ ಕೆಳಗಿನ ಮನೆಯವರು, ರಿಟೈರ್ ಆದಮೇಲೆ ನಮ್ಮ ಬಿಲ್ಡಿಂಗೇ ಅವರ ಆಫೀಸು. ಸಲಹೆ ಒಂದು, ಟೆರೇಸಿನಲ್ಲಿ ಸಂಜೆ ಮೋಡ ನೋಡುವುದು (ನೀರಿನ ಟ್ಯಾಂಕ್ ಮುಟ್ಟತಕ್ಕದ್ದಲ್ಲ). ಸಲಹೆ ನಾಲ್ಕು, ಹಳೇ ಬೆಡ್‌ಶೀಟಿನ ಡೇರೆ (ಕಿಟಕಿ ಸರಳಿಗೆ ಕಟ್ಟತಕ್ಕದ್ದಲ್ಲ). ಸಲಹೆ ಏಳು, ಮನೆಮಂದಿಯೆಲ್ಲ ಕೂತು ನಗೆಕೂಟ (ಮಧ್ಯಾಹ್ನ ಎರಡರಿಂದ ನಾಲ್ಕು ನಗತಕ್ಕದ್ದಲ್ಲ).

ಗಿರಗಿಟ್ಲೆ ಅದನ್ನು ಗಟ್ಟಿಯಾಗಿ ಓದಿ, “ಅಕ್ಕ, ಎರಡು ಗಂಟೆಗೆ ನಗು ಬಂದ್ರೆ ನಾಲ್ಕರವರೆಗೂ ಬಾಯಲ್ಲಿಟ್ಕೊಂಡಿರ್ಬೇಕಾ?” ಅಂತ ಕೇಳಿದಳು. ನಾನು ಮೊದಲು ವಾಚ್ ನೋಡಿಕೊಂಡು ಆಮೇಲೆ ನಕ್ಕೆ.

ಹಾಳೆಯ ಫೋಟೋ ತೆಗೆದುಕೊಂಡು ಬಂದು ಟೈಮ್‌ಟೇಬಲ್ ಹಾಕಿದೆ. ಸ್ವಲ್ಪ ಸಮಾಧಾನವಾಯಿತು. ಟೈಮ್‌ಟೇಬಲ್ ಹಾಕಿದರೆ ನನಗೆ ಯಾವಾಗಲೂ ಹಾಗೆ.

ಏಪ್ರಿಲ್ 10, ಶುಕ್ರವಾರ

ಎದ್ದದ್ದು 5:30. ಅವಳನ್ನು ಎಬ್ಬಿಸಿದ್ದು 6:00.

ಚೆನ್ನಾಗಿ ನಡೆಯುತ್ತಿದೆ. ಹಾಸ್ಟೆಲಿನಲ್ಲಿ ಸ್ಟಡಿ ಅವರ್‌ನಲ್ಲಿ ವಾರ್ಡನ್‌ಗೆ ಗೊತ್ತಾಗದ ಹಾಗೆ ಆಡುತ್ತಿದ್ದ ಆಟಗಳು ನನಗೆ ಒಂದು ಗೋಣಿಯಷ್ಟು ಗೊತ್ತಿವೆ. ಯಾವುದಕ್ಕೂ ಸದ್ದಿಲ್ಲ, ಯಾವುದಕ್ಕೂ ಕಾಸು ಬೇಡ. ಬೆನ್ನ ಮೇಲೆ ಬೆರಳಲ್ಲಿ ಅಕ್ಷರ ಬರೆಯುವುದು. ತುಟಿ ಮಾತ್ರ ಆಡಿಸಿ ಹಾಡು ಹೇಳುವುದು, ಯಾವ ಹಾಡೆಂದು ಇನ್ನೊಬ್ಬರು ಹೇಳಬೇಕು. ಬಾಯಿಗೆ ನೀರು ತುಂಬಿಕೊಂಡು ಒಬ್ಬರನ್ನೊಬ್ಬರು ನೋಡುವುದು, ನಕ್ಕವರು ಔಟ್. ಹೊರಗೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿ ಯಾರೆಂದು ಊಹಿಸುವುದು. ಸೆಕ್ರೆಟರಿ ಅಂಕಲ್‌ದು ಎರಡು ಹೆಜ್ಜೆ, ಒಂದು ಕೆಮ್ಮು.

ಪೀರಿಯಡ್ ಮುಗಿದಾಗ ನಾನು “ಡಿಸ್ಪರ್ಸ್” ಅನ್ನುತ್ತೇನೆ. ಅಲ್ಲಿವರೆಗೆ ಏಳುವ ಹಾಗಿಲ್ಲ. ಮೊದಲೆರಡು ದಿನ ಅವಳು ಹೆಸರಿಗೆ ತಕ್ಕ ಹಾಗೆ ಗಿರಗಿರ ತಿರುಗುತ್ತಿದ್ದಳು. ಈಗ ಹಾಸಿಗೆಯನ್ನು ಮೂಲೆಗೆ ಮೂಲೆ ಸೇರಿಸಿ ತಾನೇ ಮಡಿಸುತ್ತಾಳೆ, ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ ಮಾಡುತ್ತಾಳೆ. ಇವತ್ತು ಬಂದು ಕೇಳಿದಳು:

“ಅಕ್ಕ, ನೀರು ಕುಡೀಲಾ?”

ಕೇಳಿ ಕುಡಿಯಬೇಕೆಂದು ನಾನು ಹೇಳಿಕೊಟ್ಟಿರಲೇ ಇಲ್ಲ. ತಾನಾಗಿ ಬಂತು. ಹೆಮ್ಮೆ ಅನ್ನಿಸಿತು.

ಏಪ್ರಿಲ್ 14, ಮಂಗಳವಾರ

ಎದ್ದದ್ದು 5:30.

ಅಮ್ಮ ಹೊರಗೆ ಬಂದಳು. ಫ್ರಿಜ್ ಬಾಗಿಲು ತೆಗೆದು, ಏನು ಬೇಕಿತ್ತೆಂದು ಮರೆತವಳ ಹಾಗೆ ಅದರ ಬೆಳಕಲ್ಲಿ ನಿಂತಳು. ನಾವಿಬ್ಬರೂ ಬಾಯಿತುಂಬ ನೀರಿಟ್ಟುಕೊಂಡು ನೆಲದ ಮೇಲೆ ಕೂತಿದ್ದೆವು.

“ಮನೇಲಿ ಮಕ್ಕಳಿದಾರೆ ಅಂತಾನೇ ಗೊತ್ತಾಗಲ್ಲ” ಅಂದಳು.

ಹೊಗಳಿದಳೆಂದುಕೊಂಡೆ. ಮ್ಯಾಥ್ಸ್ ಪುಸ್ತಕ ಇವತ್ತೂ ತೆರೆಯಲಿಲ್ಲ.

ಏಪ್ರಿಲ್ 19, ಭಾನುವಾರ

ಎದ್ದದ್ದು 5:40. ಯಾಕೆ ತಡವಾಯಿತೋ.

ಹಾಸ್ಟೆಲಿನಲ್ಲಿ ಭಾನುವಾರ ನಮಗೆ ಮನೆಗೆ ಕಾಗದ ಬರೆಯುವ ಪೀರಿಯಡ್ ಇರುತ್ತಿತ್ತು. ಅದನ್ನೇ ಆಟ ಮಾಡಿದೆ. ಬೆಡ್‌ಶೀಟ್ ಡೇರೆ ಕಟ್ಟಿ (ಕಿಟಕಿ ಸರಳಿಗಲ್ಲ, ಎರಡು ಕುರ್ಚಿಗೆ) ಒಳಗೆ ಕೂತು ಅವಳು ಅಮ್ಮನಿಗೆ ಬರೆದಳು. “ಅಮ್ಮ, ನನಗೆ ಬೇಜಾರಾಗ್ತಿದೆ, ನೀನು ಯಾವಾಗ ಏಳ್ತೀಯ?”

“ಹಾಗೆಲ್ಲ ಬರೀಬಾರ್ದು” ಅಂದೆ.

“ಬೇಜಾರಾಗ್ತಿದ್ರೆ?”

“ಆವಾಗ ವೆದರ್ ಬಗ್ಗೆ ಬರಿ.”

ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿ ಇನ್ನೊಂದು ಹಾಳೆ ತೆಗೆದುಕೊಂಡಳು. “ಪ್ರೀತಿಯ ಅಮ್ಮ, ನಾನು ಕ್ಷೇಮ. ಇಲ್ಲಿ ಬಿಸಿಲು ಚೆನ್ನಾಗಿದೆ. ಅಲ್ಲಿ ಹೇಗಿದೆ?” ಅದನ್ನು ಒಯ್ದು ಅಮ್ಮನ ರೂಮಿನ ಬಾಗಿಲ ಕೆಳಗೆ ತೂರಿಸಿದಳು. ಅಲ್ಲಿಗೂ ಇಲ್ಲಿಗೂ ನಾಲ್ಕು ಹೆಜ್ಜೆ.

ಉತ್ತರ ಬರಲಿಲ್ಲ. ಅವಳು ಡೇರೆಯೊಳಗೆ ಕಾಲು ಮಡಚಿಕೊಂಡು ಕಾಯುತ್ತಿದ್ದಳು. ನಾನು ಡಿಸ್ಪರ್ಸ್ ಹೇಳುವುದನ್ನು ಮರೆತು ಅಡುಗೆಮನೆಗೆ ಹೋಗಿದ್ದೆ. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಹಾಗೇ ಕೂತಿದ್ದಾಳೆ.

ಏಪ್ರಿಲ್ 26, ಭಾನುವಾರ

ಇವತ್ತು ಸಂಜೆ ಟೆರೇಸಿನಲ್ಲಿ “ಬೇಸಿಗೆ ಕುಟುಂಬ ಸಂಜೆ”. ಸೆಕ್ರೆಟರಿ ಅಂಕಲ್ ಒಂದು ವಾರದಿಂದ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಜ್ಞಾಪಿಸುತ್ತಿದ್ದರು. ಪ್ರತಿ ಮನೆಯಿಂದ ಒಂದು ಚಾಪೆ, ಒಂದು ತಿಂಡಿ, ಅವರವರ ಲೋಟ. ಚಿಕ್ಕ ಮಕ್ಕಳಿಗೆ ಮೂರು ಟಬ್ಬಿನಲ್ಲಿ ನೀರು. ಹಗಲಿಡೀ ಕಾದ ನೆಲದ ಮೇಲೆ ಅಂಕಲ್ ತಾವೇ ಪೈಪ್ ಹಿಡಿದು ನೀರು ಹಾಕಿದರು. ಅಪ್ಪ ಅಪರೂಪಕ್ಕೆ ಫೋನ್ ಬಾರದೆ ಪೂರ್ತಿ ಸಂಜೆ ಇದ್ದರು. ಅಮ್ಮ ಬರಲಿಲ್ಲ.

“ಊರಿನ ಲಿಫ್ಟೆಲ್ಲ ನೋಡ್ಕೊಳ್ಳೋರು, ನಮ್ಮ ಬಿಲ್ಡಿಂಗಿಗೊಂದು ಲಿಫ್ಟ್ ಹಾಕ್ಸಿ ಸ್ವಾಮಿ, ಈ ಮಂಡಿ ಇಟ್ಕೊಂಡು ನಾಲ್ಕು ಮಹಡಿ ಹತ್ತೋಕಾಗಲ್ಲ” ಅಂತ ಅಂಕಲ್ ಅಪ್ಪನನ್ನು ಕಾಡಿದರು.

“ಮಂಡಿ ಇರೋದೇ ಮಡಚೋಕೆ ಅಲ್ವಾ ಸಾರ್” ಅಂದರು ಅಪ್ಪ. ಅವರು ನಕ್ಕಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಆಮೇಲೆ ಸ್ಟ್ಯಾಚ್ಯೂ ಆಟ. ಹಾಡು ನಿಂತ ಕೂಡಲೇ ಮಕ್ಕಳು ಇದ್ದ ಹಾಗೇ ನಿಲ್ಲಬೇಕು, ಅಲ್ಲಾಡಿದವರು ಔಟ್. ಹದಿನೈದು ಮಕ್ಕಳು. ಒಬ್ಬ ಕೆರೆದುಕೊಂಡ, ಒಬ್ಬಳಿಗೆ ನಗು ಬಂತು, ಅವಳನ್ನು ನೋಡಿ ಇನ್ನಿಬ್ಬರಿಗೆ ಬಂತು. ಒಂದು ನಿಮಿಷದೊಳಗೆ ಹದಿನಾಲ್ಕು ಮಂದಿ ಕಿರುಚುತ್ತ ಟಬ್ಬಿನ ಕಡೆ ಓಡಿದರು. ಉಳಿದವಳು ಗಿರಗಿಟ್ಲೆ, ಒಂದು ಕೈ ಮೇಲೆತ್ತಿಕೊಂಡು.

“ವಿನ್ನರ್!” ಅಂದರು ಅಂಕಲ್ ಮೈಕಿನಲ್ಲಿ. ಎಲ್ಲರೂ ಚಪ್ಪಾಳೆ ಹೊಡೆದರು. ಅವಳು ಅಲ್ಲಾಡಲಿಲ್ಲ.

“ಗೆದ್ದೆ ಕಣಮ್ಮ, ಕೈ ಇಳಿಸು.”

ಇಳಿಸಲಿಲ್ಲ. ಜನ ನಗತೊಡಗಿದರು. ಅಂಕಲ್ ಅವಳ ಮುಂದೆ ಹೋಗಿ ಕೈಯಾಡಿಸಿದರು. ಹಣೆಯಿಂದ ಬೆವರಿನ ಹನಿಯೊಂದು ಇಳಿದು ಅವಳ ಕಣ್ಣಿಗೆ ಹೋಯಿತು. ಕಣ್ಣು ಕೆಂಪಾಯಿತೇ ಹೊರತು ಮುಚ್ಚಲಿಲ್ಲ. ಎತ್ತಿದ ಕೈ ಸಣ್ಣಗೆ ನಡುಗುತ್ತಿತ್ತು. ನಾನೂ ನಗುತ್ತಿದ್ದೆ. ಆಗ ಗೊತ್ತಾಯಿತು, ಮುಖ ತಿರುಗಿಸದೆ ಕಣ್ಣುಗುಡ್ಡೆ ಮಾತ್ರ ಸರಿಸಿ ಅವಳು ಜನರ ಮಧ್ಯೆ ನನ್ನನ್ನು ಹುಡುಕುತ್ತಿದ್ದಾಳೆ.

“ಡಿಸ್ಪರ್ಸ್” ಅಂದೆ. ಜನರ ನಗುವಿನಲ್ಲಿ ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ.

ಕೈ ಕೆಳಗೆ ಬಿತ್ತು.

ಚಪ್ಪಾಳೆ ಇನ್ನೂ ಜೋರಾಯಿತು. ಅಪ್ಪ ಹೆಮ್ಮೆಯಿಂದ ಅಂಕಲ್‌ಗೆ ಹೇಳಿದರು: “ಹಾಸ್ಟೆಲ್‌ಗೆ ಹಾಕ್ತಿದೀವಿ ಸಾರ್. ಅಡ್ಜಸ್ಟ್ ಆಗ್ತಾಳೋ ಇಲ್ವೋ ಅಂತ ಒಂದು ಭಯ ಇತ್ತು. ಈಗ ನೋಡಿ, ಪೂರ್ತಿ ರೆಡಿ. ಎಲ್ಲ ದೊಡ್ಡವಳು ಮಾಡಿದ್ದು.”

ನಾನು ಒಯ್ದಿದ್ದ ಬಿಸ್ಕತ್ತು ಹಾಗೇ ವಾಪಸ್ ತಂದೆ. ತಿನ್ನಲಾಗಲಿಲ್ಲ.

ಏಪ್ರಿಲ್ 27, ಸೋಮವಾರ

ಅಪ್ಪ ಕೆಲಸಕ್ಕೆ ಹೋದಮೇಲೆ ಅವಳನ್ನು ಟೆರೇಸಿಗೆ ಕರೆದುಕೊಂಡು ಹೋದೆ. ಯಾರೂ ಇರಲಿಲ್ಲ.

“ಕೂಗು” ಅಂದೆ.

“ಏನಂತ?”

“ಏನಾದ್ರೂ. ಎಷ್ಟು ಜೋರಾಗಾದ್ರೂ.”

ಅವಳು ಕೈ ಹಿಂದೆ ಕಟ್ಟಿಕೊಂಡು ನನ್ನ ಮುಖ ನೋಡಿದಳು. “ಈಗ ಕೂಗೋ ಪೀರಿಯಡ್ಡಾ, ಅಕ್ಕ?”

ಟೈಮ್‌ಟೇಬಲ್ ಹರಿದು ಹಾಕಿದೆ. ಅವಳು ಚೂರುಗಳನ್ನೆಲ್ಲ ಆಯ್ದು ಕಸದ ಬುಟ್ಟಿಗೆ ಹಾಕಿದಳು.

ಏಪ್ರಿಲ್ 29, ಬುಧವಾರ

ಅಪ್ಪ ಬೂಟು ಬಿಚ್ಚುತ್ತಿರುವಾಗಲೇ ಹೇಳಿಬಿಟ್ಟೆ, ತಡಮಾಡಿದರೆ ಆಗುತ್ತಿರಲಿಲ್ಲ.

“ಅಪ್ಪ, ಅವಳನ್ನ ಕಳಿಸೋದು ಬೇಡ.”

“ಮೊನ್ನೆ ನೀನೇ ಕಳಿಸ್ಬಹುದು ಅಂದ್ಯಲ್ಲ?”

“ಅಂದೆ. ಈಗ ಬೇಡ ಅಂತಿದೀನಿ.”

“ಯಾಕೆ, ನಿನಗಲ್ಲಿ ಏನಾದ್ರೂ ಆಯ್ತಾ? ಯಾರಾದ್ರೂ ಹೊಡೆದ್ರಾ?”

“ಇಲ್ಲ.”

“ಊಟ ಸರಿ ಇರ್ಲಿಲ್ವಾ?”

“ಊಟ ಇತ್ತು.”

“ಮತ್ತೆ?”

ಹತ್ತಿರದಲ್ಲೇ ಗಿರಗಿಟ್ಲೆ ಚಮಚಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದಳು.

“ಏನಿಲ್ಲ” ಅಂದೆ.

ಅಪ್ಪ ಇನ್ನೊಂದು ಬೂಟು ಬಿಚ್ಚಿದರು. ಕಾಲ್ಚೀಲದ ಹೆಬ್ಬೆರಳಿನಲ್ಲಿ ತೂತು. “ನಾನೇನು ಖುಷಿಗೆ ಕಳಿಸ್ತಿದೀನಾ? ಜೂನ್‌ನಲ್ಲಿ ನೀನೂ ಹೊರಟುಬಿಡ್ತೀಯ. ಸ್ಕೂಲಿಂದ ಬಂದ್ರೆ ಬಾಗ್ಲು ತೆಗೆಯೋರು ಬೇಡ್ವಾ? ಹೋದ ತಿಂಗಳು ಅವಳು ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ಳು. ನಿಮ್ಮಮ್ಮ ಒಳಗೇ ಇದ್ಳು.”

ನನಗೆ ಇದು ಗೊತ್ತಿರಲಿಲ್ಲ. ನನಗೆ ಯಾರೂ ಏನೂ ಹೇಳುವುದಿಲ್ಲ. ನಾನೂ ಯಾರಿಗೂ ಹೇಳುವುದಿಲ್ಲ.

ಮೇ 4, ಸೋಮವಾರ

ಇಂಟರ್‌ವ್ಯೂ ಆಯಿತು. ಇವತ್ತೇ ಬರೆದುಬಿಡುತ್ತೇನೆ.

ಹೆಡ್‌ಮಿಸ್ಟ್ರೆಸ್ ಮೇಡಮ್ ನನ್ನನ್ನು ನೋಡಿದ ಕೂಡಲೇ “ಓ, ನಮ್ಮ ಮಾಡೆಲ್ ಗರ್ಲ್!” ಅಂದರು. ಅದೇ ಆಫೀಸು, ಅದೇ ಫಿನಾಯ್ಲ್ ವಾಸನೆ, ಗೋಡೆ ಪಕ್ಕ ಅದೇ ಉದ್ದನೆಯ ಬೆಂಚು. ಗಿರಗಿಟ್ಲೆ ಕೈ ಹಿಂದೆ ಕಟ್ಟಿ ನಿಂತು ಕೇಳಿದ್ದಕ್ಕೆಲ್ಲ “ಎಸ್ ಮೇಡಮ್”, “ನೋ ಮೇಡಮ್” ಅಂದಳು. ಕೂರಲು ಹೇಳಿದಮೇಲೆ ಕೂತಳು.

“ಯಾರಮ್ಮ ಇದನ್ನೆಲ್ಲ ಕಲಿಸಿದ್ದು?”

“ಅಕ್ಕ, ಮೇಡಮ್.”

“ನಮ್ಮ ಅರ್ಧ ಕೆಲಸ ನೀನೇ ಮುಗಿಸಿಬಿಟ್ಟಿದೀಯಲ್ಲೇ” ಅಂತ ಮೇಡಮ್ ನನ್ನ ಬೆನ್ನು ತಟ್ಟಿ, ಫಾರ್ಮ್ ತುಂಬಲು ಕೂತರು. ಲಸಿಕೆ, ಕಣ್ಣು, ಹಲ್ಲು. ಕೊನೆಯ ಕಾಲಂ: ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಅಭ್ಯಾಸ ಇದೆಯೇ? ಇದ್ದರೆ ಸೇರಿಸಿಕೊಳ್ಳುವುದಿಲ್ಲ, ಅದು ಅಲ್ಲಿನ ರೂಲ್. ನಾನು ಸೇರುವಾಗಲೂ ಆ ಕಾಲಂ ಇತ್ತು. ಅಪ್ಪ ಇಲ್ಲ ಅಂದಿದ್ದರು. ಆಗ ಅದು ನಿಜವೇ ಆಗಿತ್ತು.

“ಇಲ್ಲ ಮೇಡಮ್” ಅಂದರು ಅಪ್ಪ.

“ಇದೆ” ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಗಿರಗಿಟ್ಲೆಯ ಬಾಯಿ ತೆರೆದುಕೊಂಡಿತು, ಮಾತು ಬರಲಿಲ್ಲ. ಕೇಳದೆ ಮಾತಾಡಬಾರದೆಂದು ನಾನೇ ಕಲಿಸಿದ್ದೆ.

“ಅಪ್ಪ ಬೆಳಗ್ಗೆ ಬೇಗ ಹೋಗ್ತಾರೆ, ಅವರಿಗೆ ಗೊತ್ತಿಲ್ಲ” ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಾಗಲಿಲ್ಲ. “ಬೆಲ್ ಆಗೋ ಮುಂಚೆ ಏಳ್ತಾಳೆ. ಶೀಟನ್ನ ಬಕೆಟ್‌ನಲ್ಲಿ ಒಗೀತಾಳೆ, ನಲ್ಲಿ ಸಣ್ಣಗೆ ಬಿಟ್ಕೊಂಡು, ಯಾರಿಗೂ ಕೇಳಿಸ್ಬಾರ್ದು ಅಂತ. ಒಣಗ್ಸೋಕೆ ಜಾಗ ಇಲ್ಲ, ಅದಕ್ಕೆ ಒದ್ದೇದನ್ನೇ ಹಾಸಿ ಮೇಲೆ ರಗ್ಗು ಮಡಿಸಿಡ್ತಾಳೆ. ಸಂಜೆ ಮತ್ತೆ ಅದರ ಮೇಲೇ ಮಲಗ್ತಾಳೆ.”

ಮೇಡಮ್ ಪೆನ್ನು ಕೆಳಗಿಟ್ಟರು. “ಎಷ್ಟು ದಿನಕ್ಕೊಂದ್ಸಲ?”

“ಮೊದಲ್ನೇ ವರ್ಷ ಹೆಚ್ಚುಕಮ್ಮಿ ದಿನಾ. ಆಮೇಲೆ ಪರೀಕ್ಷೆ ಇದ್ದಾಗ ಮಾತ್ರ.”

“ಮೊದಲ್ನೇ ವರ್ಷ ಅಂದ್ರೆ?”

ನಾನು ಗೋಡೆ ಪಕ್ಕದ ಬೆಂಚಿನ ಕಡೆ ನೋಡಿದೆ. ಮೇಡಮ್ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಫಾರ್ಮನ್ನು ಅಪ್ಪನ ಕಡೆ ಸರಿಸಿ, “ಈ ವರ್ಷ ಬೇಡ ಬಿಡಿ” ಅಂದರು. ಅವರ ದನಿ ಅಷ್ಟು ಮೆತ್ತಗಿದ್ದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಗಿರಗಿಟ್ಲೆ ಅಪ್ಪನ ಪಕ್ಕ ಕೂತಳು, ನನಗಿಂತ ನಾಲ್ಕು ಸೀಟು ಮುಂದೆ. ಅಪ್ಪ ಒಮ್ಮೆಯೂ ತಿರುಗಲಿಲ್ಲ.

ಮನೆ ಬಾಗಿಲು ತೆಗೆದದ್ದೇ ತಡ, ಅವಳು ಚಪ್ಪಲಿಯಲ್ಲೇ ಅಮ್ಮನ ರೂಮಿಗೆ ನುಗ್ಗಿದಳು. “ಅಮ್ಮಾ! ನಾನು ಹಾಸಿಗೇಲಿ ಉಚ್ಚೆ ಹೊಯ್ಕೋತೀನಂತೆ! ಅಕ್ಕ ಎಲ್ಲರ ಮುಂದೆ ಹೇಳಿದ್ಳು! ಸುಳ್ಳಿ! ಸುಳ್ಳಿ! ನಾನ್ಯಾವತ್ತಮ್ಮ ಹೊಯ್ಕೊಂಡಿದೀನಿ?” ಇಡೀ ಬಿಲ್ಡಿಂಗಿಗೆ ಕೇಳಿಸುವ ಹಾಗೆ ಅಳುತ್ತಿದ್ದಳು. ಕೆಳಗಿನಿಂದ ಸೆಕ್ರೆಟರಿ ಅಂಕಲ್ ಕೋಲಿನಿಂದ ಎರಡು ಸಲ ಸೀಲಿಂಗ್ ಕುಟ್ಟಿದರು. ಯಾರೂ ಅವಳಿಗೆ ಸುಮ್ಮನಿರು ಅನ್ನಲಿಲ್ಲ.

ಮೇ 5, ಮಂಗಳವಾರ

ನಿನ್ನೆಯದು ಅಲ್ಲಿಗೆ ಮುಗಿಯಲಿಲ್ಲ.

ಅಳು ನಿಂತಮೇಲೆ ಅಮ್ಮ ನನ್ನನ್ನು ಕರೆದಳು. ಗಿರಗಿಟ್ಲೆ ಅತ್ತು ಅತ್ತು ಅಮ್ಮನ ಪಕ್ಕದಲ್ಲೇ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿದೆ ಅಂದುಕೊಂಡೆ. ಆಫೀಸಿನಲ್ಲಿ ನಾನು ಹೇಳಿದ್ದನ್ನೆಲ್ಲ ಅಮ್ಮನಿಗೆ ತಿಳಿಸಿ ಅಪ್ಪ ಬಾಗಿಲಲ್ಲಿ ನಿಂತಿದ್ದರು.

“ಅದು ನೀನಾ?” ಅಂದಳು ಅಮ್ಮ.

ತಲೆಯಾಡಿಸಿದೆ.

“ಎಷ್ಟು ವರ್ಷ?”

“ಆರನೇ ಕ್ಲಾಸಿನವರೆಗೆ.”

ಅಮ್ಮ ಕೈ ಊರಿ ಎದ್ದು ಕೂತಳು. ಅಷ್ಟಕ್ಕೇ ಅವಳಿಗೆ ಏದುಸಿರು. ಬೈಯುತ್ತಾಳೆ ಅಥವಾ ಅಳುತ್ತಾಳೆ ಅಂದುಕೊಂಡೆ. ಅವಳು ಸಣ್ಣ ಸಣ್ಣ ಪ್ರಶ್ನೆ ಕೇಳಿದಳು. ನಿನ್ನ ಮಂಚ ಎಲ್ಲಿತ್ತು? ಕಿಟಕಿ ಪಕ್ಕ. ಚಳಿಗಾಲದಲ್ಲಿ? ಚಳಿಗಾಲದಲ್ಲೂ ಅಲ್ಲೇ. ಒದ್ದೆ ಶೀಟಿನ ಮೇಲಾ? ಹ್ಞೂಂ. ಪಕ್ಕದ ಮಂಚದ ಹುಡುಗಿಗೆ ಗೊತ್ತಿತ್ತಾ? ಇರಬೇಕು, ಅವಳು ಯಾವತ್ತೂ ಏನೂ ಅನ್ನಲಿಲ್ಲ.

“ನಿನ್ನನ್ನ ಕಳಿಸಿದಾಗ ನಾನು ಬಾಗಿಲವರೆಗೂ ಬರ್ಲಿಲ್ಲ” ಅಂದಳು. “ಏಳೋಕಾಗ್ಲಿಲ್ಲ. ಮೆಟ್ಟಿಲಲ್ಲಿ ನಿನ್ನ ಟ್ರಂಕಿನ ಸದ್ದು ಮಾತ್ರ ಕೇಳಿಸ್ತು.”

ಅಪ್ಪ ಗಂಟಲು ಸರಿಮಾಡಿಕೊಂಡರು. “ಇನ್ನೊಂದು ಸ್ಕೂಲಿದೆ. ಅಲ್ಲಿ ವಿಚಾರಿಸ್ತೀನಿ.”

“ಬೇಡ. ಅವಳು ಎಲ್ಲಿಗೂ ಹೋಗಲ್ಲ.”

“ನಿನ್ನ ಕೈಲಿ ಆಗತ್ತೇನೇ? ಎದ್ದು ಬಾಗ್ಲು ತೆಗೆಯೋಕಾಗತ್ತಾ?”

“ಆಗಲ್ಲ” ಅಂದಳು ಅಮ್ಮ. “ಆದ್ರೂ ಕಳಿಸಲ್ಲ.”

ಅಪ್ಪ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಮುಖ ತೊಳೆದರು. ಅಮ್ಮ ಮತ್ತೆ ಮಲಗಿದಳು. ಇವತ್ತಿಡೀ ಏಳಲಿಲ್ಲ.

ಮೇ 9, ಶನಿವಾರ

ಮೂರು ದಿನ ಬರೆಯಲಿಲ್ಲ.

ಕಾಲೇಜಿಗೆ ಫೋನ್ ಮಾಡಿ ಹಾಸ್ಟೆಲ್ ಬಿಡುತ್ತೇನೆಂದು ಹೇಳಿದೆ. ಇಲ್ಲಿಂದ ಎರಡು ಬಸ್ಸು, ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಬಸ್ಸಿನಲ್ಲಿ ಮ್ಯಾಥ್ಸ್ ಓದಿದರೆ ತಲೆ ತಿರುಗುತ್ತದೆ, ನೋಡೋಣ. ಆದರೂ ಗಿರಗಿಟ್ಲೆ ಸ್ಕೂಲಿಂದ ಬಂದು ಒಂದೂವರೆ ಗಂಟೆ ಆದಮೇಲೇ ನಾನು ಬಂದು ಸೇರುವುದು. ಆ ಹೊತ್ತಿಗೆ ಅವಳಿಗೆ ಬಾಗಿಲು ತೆಗೆಯುವವರು ಯಾರೆಂದು ಇನ್ನೂ ಗೊತ್ತಿಲ್ಲ. ಅಮ್ಮ ನಿನ್ನೆ ಎರಡು ಸಲ ಬಾಗಿಲವರೆಗೆ ನಡೆದು ಚಿಲಕ ಮುಟ್ಟಿ ವಾಪಸ್ ಹೋದಳು. ಇವತ್ತು ಒಂದು ಸಲವೂ ಇಲ್ಲ.

ಗಿರಗಿಟ್ಲೆ ನನ್ನ ಜೊತೆ ಠೂ ಬಿಟ್ಟಿದ್ದಾಳೆ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ, ನಗುವುದೂ ನಿಷೇಧವಾದ ಹೊತ್ತಿನಲ್ಲಿ, ಒಂದು ಡಬ್ಬಿಯನ್ನು ಒದೆಯುತ್ತ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಿದ್ದಳು. ಒದೆಯುತ್ತ ಒದೆಯುತ್ತ ನಾನು ಕೂತಲ್ಲಿಗೆ ಬಂದು ನಿಂತಳು.

“ನಾನಿನ್ನೂ ಠೂನೇ. ಆದ್ರೆ ಒಂದು ಕೇಳ್ಬೇಕು.”

“ಕೇಳು.”

“ಮೊನ್ನೆ ನಾನು ಮಲಗಿರ್ಲಿಲ್ಲ, ಎಲ್ಲ ಕೇಳಿಸ್ತು. ಶೀಟು ಒದ್ದೆ ಆದಾಗ ನೀನು ಯಾರಿಗೂ ಹೇಳ್ಲೇ ಇಲ್ವಾ?”

“ಇಲ್ಲ.”

“ಒಬ್ಬರಿಗೂ?”

“ಒಬ್ಬರಿಗೂ ಇಲ್ಲ.”

ಡಬ್ಬಿಯನ್ನು ಕಾಲಲ್ಲೇ ಅತ್ತ ಇತ್ತ ಉರುಳಿಸಿದಳು. “ನನಗೆ ಹೇಳ್ಬಹುದಿತ್ತು.”

“ನೀನಾಗ ಇಷ್ಟುದ್ದ ಇದ್ದೆ. ಮಾತೇ ಬರ್ತಿರ್ಲಿಲ್ಲ ನಿನಗೆ.”

“ಆದ್ರೂ” ಅಂದಳು, ಕೋಪ ಇಳಿಯದ ಮುಖದಲ್ಲೇ, ನನ್ನ ಪಕ್ಕ ಕೂರುತ್ತ.